ದೀಪ ಹಚ್ಚುವ ಹೊತ್ತಿನ ಕರೆ

"ಗುರುಗಳೇ, ಒಂದು ದಾರಿ ಬೇಗ ಮುಟ್ಟಿಸುತ್ತದೆ, ಇನ್ನೊಂದು ನಿಧಾನ ಎಂದು ಗೊತ್ತಾದ ಮೇಲೂ ನಿಧಾನದ ದಾರಿಯಲ್ಲೇ ಉಳಿಯುವುದು ದಡ್ಡತನವಲ್ಲವೇ?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಇಲ್ಲಿಗೆ ಬರುವ ಮೊದಲು ಬೇರೆ ಬೇರೆ ಗುರುಗಳ ಬಳಿ ಇದ್ದು ಬಂದವನು. ಹೊಳೆಯ ಆಚೆ ಹೊಸಬರೊಬ್ಬರು ಬಂದಿದ್ದಾರೆ, ಅವರ ಹತ್ತಿರ ಎಲ್ಲವೂ ಬೇಗ ಆಗುತ್ತದಂತೆ ಎಂದು ಯಾರೋ ಹೇಳಿದ್ದರು. ಬೆಳಿಗ್ಗೆ ಹೊರಡಲು ಬಟ್ಟೆ ಗಂಟು ಕಟ್ಟಿಟ್ಟಿದ್ದ. ಹೇಳದೆ ಹೋಗಲು ಮನಸ್ಸು ಬಾರದೆ ಹೀಗೆ ಕೇಳಿದ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಮೂಲೆಯಲ್ಲಿದ್ದ ಬಟ್ಟೆ ಗಂಟನ್ನೊಮ್ಮೆ ನೋಡಿ, ಮೊರವನ್ನು ಪಕ್ಕಕ್ಕಿಟ್ಟು, "ಕೂತುಕೋ. ಒಬ್ಬ ಬೆಲ್ಲದ ವ್ಯಾಪಾರಿಯ ವಿಷಯ ಹೇಳುತ್ತೇನೆ," ಎಂದರು.

ಒಂದು ಊರಿನ ಮಂಡಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಪರೀಕ್ಷೆ ಮಾಡದೆ ಏನನ್ನೂ ಕೊಳ್ಳುವವನಲ್ಲ. ಅಚ್ಚು ಮುರಿಯುತ್ತಿದ್ದ, ಒಳಗಿನ ಹರಳು ನೋಡುತ್ತಿದ್ದ, ಒಂದು ಚೂರು ನಾಲಿಗೆಯ ಮೇಲಿಡುತ್ತಿದ್ದ. ಸವುಳು ನೀರು ಕುಡಿದ ಕಬ್ಬಾದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಅವನು ಹೂಂ ಎಂದ ಬೆಲ್ಲವನ್ನು ಇನ್ನೊಬ್ಬರು ಮುರಿದು ನೋಡುತ್ತಿರಲಿಲ್ಲ. ನೋಡಿ ಉಳಿದ ಚೂರನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದ. ಅದು ಮಗಳ ಪಾಲು. ಅವನಿಗೆ ಒಬ್ಬಳೇ ಮಗಳು.

ಮಗಳು ಬೆಳೆದಳು. ಮನೆಯವರು ಒಪ್ಪದ ಒಬ್ಬನನ್ನು ಮೆಚ್ಚಿದಳು. ಒಂದು ದಿನ ಅವನ ಜೊತೆ ಹೊರಟುಹೋದಳು. ದೂರದ ಊರು ಮುಟ್ಟಿ ಅಪ್ಪನ ಮೊಬೈಲಿಗೆ ಫೋನ್ ಮಾಡಿದಳು. "ಇನ್ನು ಮೇಲೆ ನಿನ್ನ ದನಿ ನನ್ನ ಮನೆಯಲ್ಲಿ ಕೇಳಿಸಕೂಡದು," ಎಂದು ವ್ಯಾಪಾರಿ ಇಟ್ಟುಬಿಟ್ಟ. ಮರುದಿನವೇ ತನ್ನ ನಂಬರ್ ಬದಲಾಯಿಸಿದ. ಹೆಂಡತಿಯದನ್ನೂ ಬದಲಾಯಿಸಿದ. ಮರ್ಯಾದೆಯುಳ್ಳವರು ಹಾಗೆ ಮಾಡಬೇಕೆಂದು ಅವನ ಕಡೆಯವರಲ್ಲಿ ವಾಡಿಕೆ. ಮಗಳು ಇಂಥ ಕಡೆ ಇದ್ದಾಳೆ ಎಂದು ಹೇಳಬಂದವರ ಮುಂದೆ ಕೈ ಅಡ್ಡ ಹಿಡಿದ. ಸ್ವಲ್ಪ ಕಾಲವಾದ ಮೇಲೆ ಹೇಳಬರುವವರೂ ಇಲ್ಲವಾದರು.

ಬೆಲ್ಲದ ಚೂರು ಮಾತ್ರ ಜೇಬಿನಲ್ಲಿ ಬರುತ್ತಲೇ ಇತ್ತು. ಕೈಗೆ ಅಭ್ಯಾಸವಾಗಿಹೋಗಿತ್ತು. ಮನೆಗೆ ಬಂದು ಅಂಗಿ ಕಳಚುವಾಗ ಸಿಗುತ್ತಿತ್ತು. ಕಿಟಕಿಯ ಮೇಲೆ ಇಡುತ್ತಿದ್ದ. ಇರುವೆಗಳು ಕೊಂಡೊಯ್ಯುತ್ತಿದ್ದವು.

ಎಲ್ಲ ನಂಬರೂ ಬದಲಾದವು, ಒಂದು ಬದಲಾಗಲಿಲ್ಲ. ಆ ಮನೆಗೆ ಇಂಟರ್‌ನೆಟ್ ಬರುತ್ತಿದ್ದುದು ಹಳೆಯ ಕಂಪನಿಯೊಂದರ ತಾಮ್ರದ ತಂತಿಯಲ್ಲಿ. ಅದೇ ತಂತಿಗೆ ನಡುಮನೆಯ ಗೂಡಿನಲ್ಲಿ ಒಂದು ಫೋನು ಇತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಅದಕ್ಕೊಂದು ನಂಬರ್ ಇದೆ ಎಂಬುದೇ ವ್ಯಾಪಾರಿಗೆ ಮರೆತಿತ್ತು. ಮಗಳಿಗೆ ಮರೆತಿರಲಿಲ್ಲ. ದಾರಿ ತಪ್ಪಿದರೆ ಹೇಳಬೇಕು ಎಂದು ಅವಳು ಶಾಲೆಗೆ ಸೇರಿದಾಗ ಅವನೇ ಬಾಯಿಪಾಠ ಮಾಡಿಸಿದ ನಂಬರ್ ಅದು.

ಶುಕ್ರವಾರ ಸಂಜೆ ತಾಯಿ ದೀಪ ಹಚ್ಚುವ ಹೊತ್ತಿಗೆ ಆ ಫೋನು ಎರಡು ಸಲ ರಿಂಗಾಗಿ ನಿಲ್ಲುತ್ತಿತ್ತು. ಮಗಳೇ ಎಂದು ತಾಯಿಗೆ ಮೊದಲ ಸಲವೇ ಗೊತ್ತಾಯಿತು. ಅವಳು ಓಡಿಹೋಗಿ ಎತ್ತುತ್ತಿರಲಿಲ್ಲ. ಎತ್ತಿದರೆ ದನಿ ಕೇಳಿಸುತ್ತದೆ. ದನಿ ಕೇಳಿಸಕೂಡದು ಎಂದು ಯಜಮಾನ ಹೇಳಿಬಿಟ್ಟಿದ್ದಾನೆ. ದೀಪದ ಮುಂದೆ ಕೂತಲ್ಲೇ ಕೇಳುತ್ತಿದ್ದಳು. ಮಗಳು ಇದ್ದಾಳೆ, ಮನೆಯನ್ನು ನೆನೆಸಿಕೊಂಡಳು. ಅಷ್ಟನ್ನೇ ಇಟ್ಟುಕೊಂಡು ಇನ್ನೊಂದು ಶುಕ್ರವಾರದವರೆಗೆ ಕಾಲ ಹಾಕುತ್ತಿದ್ದಳು. ಇದನ್ನು ತಾಯಿ ಮಗಳು ಮಾತಾಡಿಕೊಂಡು ಗೊತ್ತುಮಾಡಿದ್ದಲ್ಲ. ಹಾಗೇ ನಡೆದುಕೊಂಡು ಬಂತು.

ವ್ಯಾಪಾರಿ ಮನೆಯಲ್ಲಿದ್ದ ದಿನ ಎತ್ತಲು ಏಳುತ್ತಿದ್ದ. ಅವನು ಗೂಡಿನ ಹತ್ತಿರ ಬರುವಷ್ಟರಲ್ಲಿ ನಿಂತುಹೋಗುತ್ತಿತ್ತು. "ತಂತಿ ಹಳೇದಾಯ್ತು. ತಾನೇ ಕೂಗುತ್ತೆ, ತಾನೇ ಸುಮ್ಮನಾಗುತ್ತೆ," ಎಂದು ಗೊಣಗುತ್ತಿದ್ದ. ಕಂಪನಿಯ ಲೈನ್‌ಮನ್‌ನನ್ನು ಕರೆಸಿದ. ಅವನು ನೋಡಿ, "ಲೈನ್ ಸರಿಯಾಗಿದೆ ಯಜಮಾನ್ರೇ. ಯಾರೋ ಮಿಸ್ಡ್ ಕಾಲ್ ಕೊಡ್ತಿದ್ದಾರೆ," ಎಂದ. "ನನಗೆ ಮಿಸ್ಡ್ ಕಾಲ್ ಕೊಡೋ ಅಂಥ ದಿಕ್ಕಿಲ್ಲದೋರು ಯಾರಿದ್ದಾರಯ್ಯ?" ಎಂದು ವ್ಯಾಪಾರಿ ನಕ್ಕ. ಒಳಗೆ ಅವನ ಹೆಂಡತಿಯ ಕೈಯಿಂದ ಲೋಟ ಬಿತ್ತು. ಬಿದ್ದದ್ದು ಲೋಟ ಎಂದಷ್ಟೇ ಅವನಿಗೆ ತಿಳಿಯಿತು.

ಅಷ್ಟರಲ್ಲಿ ಆ ಬೀದಿಗೆ ಹೊಸ ಕಂಪನಿಯೊಂದು ಬಂತು. ತಾಮ್ರವಲ್ಲ, ಗಾಜಿನ ಎಳೆ. ಬೆಳಕಿನ ವೇಗ ಎಂದರು. ಊರೂರಿನ ಬೆಲ್ಲದ ಧಾರಣೆಯನ್ನು ವ್ಯಾಪಾರಿ ಬೆಳಿಗ್ಗೆ ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡಿ ಮಂಡಿಗೆ ಹೋಗುವವನು. ಹಳೆಯದರಲ್ಲಿ ಒಂದು ಪುಟ ತೆರೆಯಬೇಕಾದರೆ ತೆರೆಯ ಮೇಲೆ ಬಳೆಯಂಥದ್ದೊಂದು ಸುತ್ತುತ್ತಲೇ ಇರುತ್ತಿತ್ತು. "ಆಲೆಮನೆ ಗಾಣದ ಎತ್ತು ಇದಕ್ಕಿಂತ ವಾಸಿ. ಅದು ಸುತ್ತಿದರೆ ರಸವಾದರೂ ಬರುತ್ತೆ," ಎನ್ನುತ್ತಿದ್ದ.

ಆದರೂ ಜಾಹೀರಾತು ನಂಬಿ ಬದಲಾಯಿಸುವವನಲ್ಲ ಅವನು. ಹೊಸ ಕಂಪನಿಯ ಮನುಷ್ಯನನ್ನು ಕರೆಸಿ, "ಮೊದಲು ಚೂರು ತೋರಿಸು, ಆಮೇಲೆ ಅಚ್ಚು," ಎಂದ. ಅವರು ಪರೀಕ್ಷೆಗೆಂದು ತಂತಿ ಎಳೆದುಕೊಟ್ಟರು. ಹಲವು ದಿನ ನಡುಮನೆಯಲ್ಲಿ ಹಳೆಯದು ಹೊಸದು ಎರಡೂ ಓಡಿದವು. ಅದೇ ಪುಟವನ್ನು ಇದರಲ್ಲಿ ತೆರೆದ, ಅದರಲ್ಲಿ ತೆರೆದ. ಬೆಳಿಗ್ಗೆ ನೋಡಿದ, ಸಂಜೆ ನೋಡಿದ. ಮಳೆಯಲ್ಲಿ ನೋಡಿದ. ನೆರೆಹೊರೆಯವರೆಲ್ಲ ಒಟ್ಟಿಗೆ ಬಳಸುವ ಹೊತ್ತು ನೋಡಿದ. ಎಲ್ಲದರಲ್ಲೂ ಹೊಸದೇ ಗೆದ್ದಿತು. ಅವನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ.

ಕಂಪನಿಯ ಮನುಷ್ಯ ಹಳೆಯದನ್ನು ಬಿಡುವ ಕಾಗದಕ್ಕೆ ಸಹಿ ಕೇಳಿದಾಗ ಹೆಂಡತಿ ಬಾಗಿಲಿಗೆ ಬಂದು ನಿಂತಳು.

"ಫೋನ್ ನಂಬರ್ ಇದೇ ಇರುತ್ತಾ?" ಎಂದಳು.

"ಇಲ್ಲ ತಾಯಿ, ಹೊಸ ನಂಬರ್. ಇದಕ್ಕಿಂತ ಚೆನ್ನಾಗಿರೋದು ಕೊಡ್ತೀನಿ."

"ಚೆನ್ನಾಗಿರೋ ನಂಬರ್ ಅಂದ್ರೆ ಹೇಗಿರುತ್ತಪ್ಪಾ?"

ಇಬ್ಬರು ಗಂಡಸರೂ ನಕ್ಕರು. ಅವಳು ನಗಲಿಲ್ಲ. "ಹಳೇದೂ ಇರಲಿ ಬಿಡಿ," ಎಂದಳು ಗಂಡನಿಗೆ.

"ಯಾಕೆ?"

ಅವಳು ಗೂಡಿನ ಕಡೆ ನೋಡಿ, "ಅಭ್ಯಾಸ ಆಗಿದೆ," ಎಂದಳು.

ಅಭ್ಯಾಸಕ್ಕೆ ಯಾರಾದರೂ ದುಡ್ಡು ಕಟ್ಟುತ್ತಾರೆಯೇ ಎಂದು ವ್ಯಾಪಾರಿ ಸಹಿ ಹಾಕಿದ. ಹಳೆಯ ತಂತಿ ಕಿತ್ತರು. ಫೋನನ್ನು ಗೂಡಿನಿಂದ ತೆಗೆದು ಅಟ್ಟಕ್ಕೆ ಹಾಕಿದರು.

ಹೊಸದು ಚೆನ್ನಾಗಿ ಓಡಿತು. ಮುಟ್ಟುವುದರೊಳಗೆ ಪುಟ ತೆರೆಯುತ್ತಿತ್ತು. ವ್ಯಾಪಾರಿ ಬಂದವರಿಗೆಲ್ಲ ತೋರಿಸಿದ. ಶುಕ್ರವಾರಗಳು ಬಂದವು, ಹೋದವು. ಹೆಂಡತಿ ದೀಪ ಹಚ್ಚಿ ಬಂದು ಖಾಲಿ ಗೂಡಿನ ಎದುರಿಗೆ ಕೂರುತ್ತಿದ್ದಳು. ಒಂದು ಸಂಜೆ ವ್ಯಾಪಾರಿ ಕೇಳಿದ.

"ಅಲ್ಲೇನು ನೋಡ್ತೀಯೆ? ಅಲ್ಲೇನೂ ಇಲ್ವಲ್ಲ."

"ಇಲ್ಲ. ಇಲ್ಲದೇ ಇರೋದನ್ನೇ ನೋಡ್ತಿದ್ದೀನಿ."

"ಏನಾದರೂ ಅನ್ನು, ಆ ಸುಮ್ಮಸುಮ್ಮನೆ ಕೂಗೋ ಕಾಟ ತಪ್ಪಿತು."

"ಆ ಕಾಟ ನಿಮ್ಮ ಮಗಳದು," ಎಂದಳು ಹೆಂಡತಿ. "ದನಿ ಕೇಳಿಸಬಾರದು ಅಂದಿದ್ರಿ. ಅವಳು ಕೇಳಿಸಲಿಲ್ಲ. ನಿಮ್ಮ ಮಾತು ಮೀರಲಿಲ್ಲ."

ವ್ಯಾಪಾರಿ ಖಾಲಿ ಗೂಡಿನೊಳಗೆ ಕೈಯಿಟ್ಟು ನೋಡಿದ. "ನನಗ್ಯಾಕೆ ಹೇಳಲಿಲ್ಲ?" ಎಂದ.

"ಹೇಳಿದ್ರೆ ಆವತ್ತೇ ಕಿತ್ತುಹಾಕ್ತಿದ್ರಿ."



ಬೆಳಗಾದ ಕೂಡಲೇ ವ್ಯಾಪಾರಿ ಹಳೆಯ ಕಂಪನಿಯ ಕಚೇರಿಗೆ ಹೋದ. ಅದೇ ನಂಬರ್ ಬೇಕು, ಎಷ್ಟು ನಿಧಾನವಾದರೂ ಸರಿ ಎಂದ. ಆ ನಂಬರ್ ಬೇರೆಯವರ ಪಾಲಾಗಿದೆ ಎಂದರು. ಯಾರಿಗೆ ಹೋಗಿದೆ, ಅದಕ್ಕೆ ಯಾರು ಕರೆಯುತ್ತಿದ್ದರು ಎಂದೆಲ್ಲ ಹೇಳುವ ಹಾಗಿಲ್ಲ ಎಂದರು. ಹಿಂದೆ ಮಗಳ ಸುದ್ದಿ ಹೇಳಬಂದಿದ್ದವರ ಮನೆಗಳಿಗೆ ಹೋದ. ಅವಳು ಆ ಊರು ಬಿಟ್ಟು ಬಹಳ ದಿನವಾಯಿತು, ಈಗ ಎಲ್ಲಿದ್ದಾಳೋ ತಿಳಿಯದು ಎಂದರು. ದಿಕ್ಕು ತೋಚದೆ ಬೀದಿಯಲ್ಲೇ ನಿಂತು ತನ್ನ ಮನೆಯ ಹಳೆಯ ನಂಬರನ್ನು ತಾನೇ ಒತ್ತಿದ. ಯಾರೋ ಎತ್ತಿದರು.

"ಹಲೋ, ಬ್ಯಾಂಡ್ ಸೆಟ್. ಮದುವೆ ಯಾವತ್ತು?"

ವ್ಯಾಪಾರಿ ವಿಳಾಸ ಕೇಳಿಕೊಂಡು ಅಲ್ಲಿಗೆ ಹೋದ. ಊರಾಚೆ ಒಂದು ಮಳಿಗೆ. ಮದುವೆ ಮೆರವಣಿಗೆಗೆ ಬಾರಿಸುವವರು. ಬ್ಯಾಂಡಿನ ಯಜಮಾನ ತುತ್ತೂರಿ ಒರೆಸುತ್ತ ಕೂತಿದ್ದ. ಈ ನಂಬರ್ ಮೊದಲು ನಮ್ಮ ಮನೆಯದಾಗಿತ್ತು ಎಂದ ವ್ಯಾಪಾರಿ.

"ಓ, ಆ ನಂಬರಿನೋರು ನೀವೇನಾ?" ಎಂದ. "ಏನು ಕಾಟ ಕೊಟ್ರಿ ಸ್ವಾಮಿ! ಶುಕ್ರವಾರ ಸಂಜೆ ಪ್ರಾಕ್ಟೀಸ್ ಮಧ್ಯೆ ಟ್ರಿಣ್ ಅನ್ನೋದು, ಸುಮ್ಮನಾಗೋದು. ಒಂದಿನ ಪಕ್ಕದಲ್ಲೇ ಕಾದು ಕೂತಿದ್ದು ಪಟ್ ಅಂತ ಎತ್ತಿದೆ."

"ಏನಂದಳು?"

"ಹೆಣ್ಣುಮಗಳು ಅಂತ ನಾನಿನ್ನೂ ಹೇಳೇ ಇಲ್ವಲ್ಲ!" ಎಂದು ಬ್ಯಾಂಡಿನವನು ಅವನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ. "ನಾನು ಹಲೋ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ 'ಅಪ್ಪಾ' ಅಂದಳು."

ವ್ಯಾಪಾರಿ ಅಲ್ಲೇ ಇದ್ದ ಡ್ರಮ್ಮಿನ ಮೇಲೆ ಕೂತುಬಿಟ್ಟ.

"ನೀವೇನಂದ್ರಿ?"

"ನನಗೇನು ಗೊತ್ತು ಯಜಮಾನ್ರೇ. 'ನಿಮ್ಮಪ್ಪ ಇಲ್ಲಿಲ್ಲ ಕಣಮ್ಮ, ಆ ಮನೆಯೋರು ಈ ನಂಬರ್ ಬೇಡ ಅಂತ ಬಿಟ್ಟರಂತೆ' ಅಂದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಆಮೇಲೆ ಬಂದಿಲ್ಲ."

ಕರೆದವರ ನಂಬರ್ ಇದರಲ್ಲಿ ಕಾಣುತ್ತದೆಯೇ ಎಂದು ವ್ಯಾಪಾರಿ ಕೇಳಿದ. ಹಳೆಯ ಡಬ್ಬ, ಕೂಗುವುದೊಂದೇ ಅದಕ್ಕೆ ಗೊತ್ತು ಎಂದ ಬ್ಯಾಂಡಿನವನು. ಈ ನಂಬರನ್ನು ನನಗೆ ಬಿಟ್ಟುಕೊಡಿ ಎಂದು ವ್ಯಾಪಾರಿ ಕೈಮುಗಿದ.

"ಅದೊಂದು ಕೇಳಬೇಡಿ. ಬೋರ್ಡಿಗೆ ಬರೆಸಿದ್ದೀನಿ. ನೀವು ಕೂತಿರೋ ಡ್ರಮ್ಮಿಗೂ ಬರೆಸಿದ್ದೀನಿ. ಎದುರಿಗೆ ಮದುವೆ ಕಾಲ," ಎಂದ ಬ್ಯಾಂಡಿನವನು. ತುತ್ತೂರಿ ಕೆಳಗಿಟ್ಟು, "ಬೇಕಾದ್ರೆ ಶುಕ್ರವಾರ ಇಲ್ಲೇ ಬಂದು ಕೂತ್ಕೊಳ್ಳಿ. ಮಗಳ ಹೆಸರೇನು? ಬೇರೆ ದಿನ ಬಂದರೆ ನಾನೇ ಕೇಳ್ತೀನಿ," ಎಂದ.

ಅವಳು ಹೋದಂದಿನಿಂದ ಆ ಹೆಸರು ಅವನ ಬಾಯಿಗೆ ಬಂದಿರಲಿಲ್ಲ.

"ಹಂಸವೇಣಿ," ಎಂದ. "ಮನೆಯಲ್ಲಿ ಹಂಸ ಅಂತೀವಿ."

ಅಂದಿನಿಂದ ಶುಕ್ರವಾರ ಬಂದರೆ ವ್ಯಾಪಾರಿ ಮಂಡಿಯಿಂದ ಬೇಗ ಎದ್ದು ಹೆಂಡತಿಯನ್ನು ಕರೆದುಕೊಂಡು ಆ ಮಳಿಗೆಗೆ ಹೋಗುತ್ತಾನೆ. ಇಬ್ಬರೂ ಫೋನಿನ ಪಕ್ಕ ಕೂರುತ್ತಾರೆ. ದೀಪ ಹಚ್ಚುವ ಹೊತ್ತಾಗುತ್ತಿದ್ದ ಹಾಗೆ ಬ್ಯಾಂಡಿನವನು ಕೈ ಎತ್ತುತ್ತಾನೆ. ಊದುವವರು ಊದುವುದನ್ನು ನಿಲ್ಲಿಸುತ್ತಾರೆ, ಬಡಿಯುವವರು ಕೋಲು ಕೆಳಗಿಡುತ್ತಾರೆ. ಅಷ್ಟು ಜನ ವಾದ್ಯಗಳನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಲ್ಲದೆ ಇರುತ್ತಾರೆ. ಒಮ್ಮೊಮ್ಮೆ ಫೋನು ಕೂಗುತ್ತದೆ. ಎರಡನೆಯ ಸಲ ಕೂಗುವುದರೊಳಗೆ ವ್ಯಾಪಾರಿ ಎತ್ತುತ್ತಾನೆ. ಯಾರೋ ಮದುವೆ ಮನೆಯವರು. ಅವರು ಹೇಳಿದ ತಾರೀಖನ್ನು ಬ್ಯಾಂಡಿನವನಿಗೆ ತಿಳಿಸಿ ಮತ್ತೆ ಕೂರುತ್ತಾನೆ. ಹೊತ್ತು ಮೀರಿದ ಮೇಲೆ ಬ್ಯಾಂಡಿನವನು ಅವನ ಮುಖ ನೋಡುತ್ತಾನೆ. ಅವನು ತಲೆಯಾಡಿಸುತ್ತಾನೆ. ಆಮೇಲೆ ಬಾರಿಸುತ್ತಾರೆ.

ಗುರುಗಳು ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಶಿಷ್ಯ ಕಾದ. ಅವರು ಮುಂದೆ ಹೇಳುವ ಹಾಗೆ ಕಾಣಲಿಲ್ಲ.

"ಆಮೇಲೆ? ಮಗಳ ಕರೆ ಬಂತೇ ಗುರುಗಳೇ?" ಎಂದ.

"ಅದು ತಿಳಿಯಬೇಕಾದರೆ ಅಲ್ಲೇ ಕೂತಿರಬೇಕಪ್ಪಾ, ನೀನು ಬೆಳಿಗ್ಗೆ ಹೊರಡುವವನಲ್ಲವೇ?" ಎಂದರು ಗುರುಗಳು.