ಸೀರೆ ಅಂಗಡಿಯಲ್ಲಿಟ್ಟ ಸೋಬಾನೆ

"ಕೋಡ್ ಬರೆಯದೆ ವೆಬ್‌ಸೈಟ್ ಕಟ್ಟಿಕೊಡುವ ಸಾಧನಗಳು ಇಷ್ಟೊಂದು ಇವೆಯಲ್ಲ ಗುರುಗಳೇ, ಯಾವ ಕೆಲಸಕ್ಕೆ ಯಾವುದನ್ನು ಹಿಡಿಯಬೇಕು?" ಎಂದು ನಿಜಗುಣ ಕೇಳಿದ.

"ನಿನ್ನ ಕೈಯಲ್ಲಿ ಈಗ ಏನೇನು ಕೆಲಸ ಇದೆ?" ಎಂದರು ಗುರುಗಳು.

"ಮೂರು ಇವೆ. ಒಂದು ಬೇಕರಿ. ಇನ್ನೊಂದು ಹಲ್ಲಿನ ಡಾಕ್ಟರದು. ಮೂರನೆಯದು ನಮ್ಮೂರ ನಾಟಕ ಸಂಘದ ಹಳೆಯ ಧ್ವನಿಮುದ್ರಣಗಳು. ಅಂಗಡಿ ಕಟ್ಟುವ ಸಾಧನ ಬಲು ಸುಲಭ. ಅದೊಂದನ್ನೇ ಕಲಿತು ಮೂರಕ್ಕೂ ಹಾಕಿಬಿಡೋಣ ಅಂತಿದ್ದೇನೆ."

"ಬೇಕರಿಗೆ ಅದು ಸರಿ. ನಾಳೆ ಆ ಪುಟ ಮಾಯವಾದರೂ ನಾಡಿದ್ದು ಬನ್ನು ಬೇಯುತ್ತದೆ, ಹೊಸ ಫೋಟೋ ತೆಗೆಯಬಹುದು. ಡಾಕ್ಟರಿಗೆ ಒಂದೇ ಪುಟದ್ದು ಸಾಕು. ಹೆಸರು, ವೇಳೆ, ಫೋನ್ ನಂಬರು. ಹಲ್ಲುನೋವಿನಲ್ಲಿ ಒದ್ದಾಡುವವನು ಅದಕ್ಕಿಂತ ಹೆಚ್ಚು ಓದುವುದಿಲ್ಲ. ಮೂರನೆಯದಕ್ಕೆ ಒಂದು ಕತೆಯನ್ನೇ ಹೇಳಬೇಕು. ಸರಿಯಾಗಿ ಕೂತುಕೋ. ನಾನು ಮಾತಿಗೆ ಕೂತರೆ ಬೇಗ ಏಳುವವನಲ್ಲ, ಗೊತ್ತಲ್ಲ?"

ನಿಜಗುಣ ಚಕ್ಕಳಮಕ್ಕಳ ಹಾಕಿ ಕೂತ. ಗುರುಗಳು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನು ತನ್ನ ಅಂಗಡಿಗೆ ತಾನೇ ವೆಬ್‌ಸೈಟ್ ಕಟ್ಟಿಕೊಂಡ. ಸೀರೆಯ ಫೋಟೋ ಹಾಕು, ಹೆಸರು ಹಾಕು, ಬಣ್ಣ ಹಾಕು, ಬೆಲೆ ಹಾಕು, ಮುಗಿಯಿತು. ಚಹಾ ಆರುವಷ್ಟರಲ್ಲಿ ಅಂಗಡಿ ಎದ್ದು ನಿಂತಿತ್ತು. "ಕೋಡೂ ಇಲ್ಲ, ಗೀಡೂ ಇಲ್ಲ!" ಎಂದು ಅವನು ಕಂಡಕಂಡವರಿಗೆ ತೋರಿಸಿದ. ಕ್ಷೌರಕ್ಕೆ ಹೋದಾಗ ಅರ್ಧ ಗಡ್ಡದಲ್ಲಿ ಎದ್ದು ಕ್ಷೌರಿಕನಿಗೂ ತೋರಿಸಿದ.

ಸುಖ ಸಿಕ್ಕವನು ಸುಮ್ಮನಿರುವುದಿಲ್ಲ. ಊರಿನ ಜೋಯಿಸರಿಗೂ ಅದೇ ಸಾಧನದಲ್ಲಿ ಒಂದು ಪುಟ ಮಾಡಿಕೊಟ್ಟ. ಅದರಲ್ಲಿ ರಾಹುಕಾಲದ ಕೆಳಗೆ "ಬುಟ್ಟಿಗೆ ಹಾಕಿ" ಎಂಬ ಗುಂಡಿ ಬಂತು. ಜನ ನಕ್ಕರು, ಜೋಯಿಸರೂ ನಕ್ಕರು. ಅದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ. ನಷ್ಟವಾಗಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ.

ಅದೇ ಊರಿನಲ್ಲಿ ಒಬ್ಬ ಹೆಂಗಸು ಇದ್ದಳು, ಸೋಬಾನೆ ಹಾಡುವವಳು. ಅರಿಸಿನ ಹಚ್ಚುವಾಗ ಒಂದು ಹಾಡು, ಬಳೆ ತೊಡಿಸುವಾಗ ಒಂದು ಹಾಡು, ಹೆಣ್ಣು ಒಪ್ಪಿಸುವಾಗ ಒಂದು ಹಾಡು. ಹೀಗೆ ಮದುವೆಯ ಒಂದೊಂದು ಶಾಸ್ತ್ರಕ್ಕೂ ಅವಳಲ್ಲಿ ಹಾಡಿತ್ತು. ಬರಹದಲ್ಲಿ ಒಂದೂ ಇರಲಿಲ್ಲ. ಅವಳ ಸೋದರತ್ತೆ ಅವಳಿಗೆ ಕೊಟ್ಟದ್ದು, ಆ ಸೋದರತ್ತೆಗೆ ಇನ್ನಾರೋ ಕೊಟ್ಟದ್ದು. ಆ ಊರಿನಲ್ಲಿ ಈಗ ಆ ಹಾಡುಗಳು ಇದ್ದದ್ದು ಅವಳೊಬ್ಬಳ ಬಾಯಲ್ಲೇ.

ಅವರಲ್ಲಿ ಒಂದು ಕಟ್ಟಳೆ. ಹಾಡನ್ನು ಇನ್ನೊಬ್ಬಳ ಮಡಿಲಿಗೆ ಹಾಕಿದ ಮೇಲೆ ಕೊಟ್ಟವಳು ಅದನ್ನು ಮತ್ತೆ ಹಾಡುವಂತಿಲ್ಲ. ಒಂದು ಹಾಡಿಗೆ ಎರಡು ಮನೆ ಇರಬಾರದು ಎನ್ನುತ್ತಿದ್ದರು. ಮಗಳನ್ನು ಕೊಟ್ಟ ಹಾಗೆ. ಅವಳ ಸೋದರತ್ತೆ ಕಡೆಗಾಲದಲ್ಲಿ ಎಷ್ಟು ಕೇಳಿದರೂ ಬಾಯಿ ಬಿಟ್ಟಿರಲಿಲ್ಲ.

ಇವಳಿಗೂ ವಯಸ್ಸಾಯಿತು. ಮಡಿಲು ಹುಡುಕಿದಳು. ತಮ್ಮನ ಮಗಳನ್ನು ಕೇಳಿದಳು. "ಅತ್ತೇ, ಈಗ ಮದುವೇಲಿ ಡಿಜೆ ಇರ್ತದೆ. ನೀವು ಹಾಡಿದ್ರೆ ಅವನೇನು ಬಾಕ್ಸ್ ಹೊತ್ಕೊಂಡು ಮನೆಗೆ ಹೋಗ್ತಾನಾ?" ಎಂದಳು ಹುಡುಗಿ. ನೆರೆಮನೆಯ ಸೊಸೆಯನ್ನು ಕೇಳಿದಳು. ಅವಳಿಗೆ ಪುರುಸೊತ್ತಿರಲಿಲ್ಲ. ಹಾಡುಗಳು ತನ್ನೊಡನೆ ಮಣ್ಣಿಗೆ ಹೋಗುತ್ತವಲ್ಲ ಎಂಬ ಒಂದೇ ಸಂಕಟ ಅವಳಿಗೆ ಉಳಿಯಿತು. ಸಾವಿನ ಭಯ ಅವಳಿಗೆ ಇರಲಿಲ್ಲ.

ವ್ಯಾಪಾರಿ ತನ್ನ ಮಗಳ ಮದುವೆಗೆ ಅವಳನ್ನು ಕರೆಸಿದ. ಒಪ್ಪಿಸುವ ಹಾಡು ಕೇಳಿ ಅಷ್ಟು ಜನರ ಮುಂದೆ ಬಿಕ್ಕಿಬಿಕ್ಕಿ ಅತ್ತ. ಅವಳ ಸಂಕಟ ಕೇಳಿದಾಗ ಕಣ್ಣೊರೆಸಿಕೊಂಡು ಎದ್ದೇ ನಿಂತ.

"ಇಷ್ಟೇ ತಾನೇ ತಾಯಿ? ನನ್ನ ಹತ್ತಿರ ಮಡಿಲು ಇದೆ."

"ನಿಮ್ಮ ಹತ್ತಿರವೇ? ಗಂಡಸರಿಗೆ ಎಲ್ಲಿಯ ಮಡಿಲು ಸಾವ್ಕಾರ್ರೇ, ಜೇಬು ಇರ್ತದೆ ಅಷ್ಟೇ."

ಮದುವೆ ಮುಗಿದ ಮೇಲೆ ಅವನು ಅವಳನ್ನು ಅಂಗಡಿಗೆ ಕರೆಸಿ ವೆಬ್‌ಸೈಟ್ ತೋರಿಸಿದ. ಅವಳು ಬಹಳ ಹೊತ್ತು ನೋಡಿದಳು.

"ಇದು ಮರೆಯೋದಿಲ್ವಾ?"

"ಮನುಷ್ಯರು ಮರೀತಾರೆ. ಇದು ಮರೆಯೋದಿಲ್ಲ."

"ಸಾಯೋದಿಲ್ವಾ?"

"ಯಂತ್ರಕ್ಕೆ ಎಲ್ಲಿಯ ಸಾವು, ಬಿಡಿ."

ಆ ಹೊತ್ತಿಗೆ ಅಂಗಡಿಯಲ್ಲಿ ಗ್ರಂಥಾಲಯದ ನೌಕರನೊಬ್ಬ ಹೆಂಡತಿಗೆ ಸೀರೆ ಆರಿಸುತ್ತಿದ್ದ. ಅವನು ತಲೆಯೆತ್ತಿ, "ಇದು ಅಂಗಡಿಗೆ ಮಾಡಿದ್ದು. ಸಂಗ್ರಹಕ್ಕೆ ಅಂತಲೇ ಬೇರೆ ಥರದವು ಇವೆ. ಕಲಿಯುವುದು ಸ್ವಲ್ಪ ನಿಧಾನ. ಆದರೆ ಎಲ್ಲದರ ಪ್ರತಿ ನಿಮ್ಮ ಹತ್ತಿರವೇ ಉಳಿಯುತ್ತದೆ. ಇದರಲ್ಲಿ ಹಾಕಿದ್ದನ್ನು ಹೊರಗೆ ತೆಗೆಯೋಕೆ ಬರುತ್ತದೋ ಇಲ್ಲವೋ, ವಿಚಾರಿಸಿದಿರಾ?" ಎಂದ.

"ಏನ್ ಸ್ವಾಮಿ, ತಾಳಿ ಕಟ್ಟೋ ಹೊತ್ತಲ್ಲಿ ಸೋಡಚೀಟಿ ಮಾತಾಡ್ತೀರಿ! ಈಗ ನೀವೇ ಹೇಳಿ, ಮಗ್ಗ ಹೂಡಿ ನೇಯ್ದು ಸೀರೆ ಉಡ್ತೀರೋ, ಅಂಗಡೀಲಿ ಕೊಂಡು ಉಡ್ತೀರೋ?"

"ನಾನು ಸೀರೆ ಉಡೋದಿಲ್ಲ," ಎಂದ ಆ ನೌಕರ.

ಅಂಗಡಿಯೆಲ್ಲ ನಕ್ಕಿತು. ಆ ನಗುವಿನಲ್ಲಿ ಅವನ ಪ್ರಶ್ನೆ ಮುಳುಗಿಹೋಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಶುರುವಾಯಿತು. ಅವಳು ಹಾಡುವಳು. ಅವನು ಫೋನಿನಲ್ಲಿ ಹಿಡಿಯುವನು, ವೆಬ್‌ಸೈಟಿಗೆ ಏರಿಸುವನು. ಏರಿದ ಮೇಲೆ ಫೋನಿನಲ್ಲಿದ್ದದ್ದನ್ನು ಅಳಿಸುವನು. ಸೀರೆ ಫೋಟೋಗಳಿಗೆ ಜಾಗ ಬೇಕಲ್ಲ. ಒಂದೊಂದು ಹಾಡೂ ಒಂದೊಂದು ಸರಕಾಯಿತು. ಆ ಸಾಧನ ಬಣ್ಣ ಕೇಳುತ್ತಿತ್ತು, ಬಿಟ್ಟರೆ ಮುಂದೆ ಹೋಗಗೊಡುತ್ತಿರಲಿಲ್ಲ. ಅವನು ಬಿಳಿ ಎಂದು ಹಾಕಿದ. ಅಳತೆ ಕೇಳಿತು. ಫ್ರೀ ಸೈಜ್ ಎಂದು ಹಾಕಿದ. ಬೆಲೆಗೆ ಸೊನ್ನೆ. ತಯಾರಕರು ಎಂಬಲ್ಲಿ ಅವನ ಅಂಗಡಿಯ ಹೆಸರು ತಾನಾಗಿಯೇ ಬಂದು ಕೂತಿತು. ಅದನ್ನು ಅವನು ಗಮನಿಸಲಿಲ್ಲ.

ಪ್ರತಿ ಹಾಡು ಮುಗಿದ ಮೇಲೆ ಅವಳು ಮಡಿಲಕ್ಕಿ ತೆಗೆದು ಲ್ಯಾಪ್‌ಟಾಪಿನ ಮೇಲೆ ಸುರಿಯುತ್ತಿದ್ದಳು. ಶಾಸ್ತ್ರ ಬಿಡಬಾರದು. ಅವಳು ಹೋದ ಮೇಲೆ ಅವನು ಕೀಲಿಗಳ ಸಂದಿಯಿಂದ ಅಕ್ಕಿ ಊದಿ ತೆಗೆಯುತ್ತಿದ್ದ. ಎಲ್ಲ ಹಾಡೂ ಮುಗಿದ ದಿನ ಅವಳು, "ಇನ್ನು ನಾನು ಬರಿಗೈ," ಎಂದಳು. ಅವಳ ಮುಖದಲ್ಲಿ ಅಂಥ ಹಗುರವನ್ನು ಯಾರೂ ಕಂಡಿರಲಿಲ್ಲ.

ಆಮೇಲೆ ಅವಳು ಹಾಡಲಿಲ್ಲ. ಮದುವೆಗೆ ಕರೆದರೆ, "ನನ್ನ ಹತ್ತಿರ ಏನಿದೆ? ಎಲ್ಲ ಸೀರೆ ಅಂಗಡೀಲಿದೆ, ಅಲ್ಲಿ ಕೇಳಿ," ಎನ್ನುತ್ತಿದ್ದಳು. ಜನ ಕೆಲವು ದಿನ ಫೋನಿನಲ್ಲಿ ಕೇಳಿದರು. ಆಮೇಲೆ ಡಿಜೆಯೇ ಸಾಕೆಂದರು. ಅವಳು ಪಾತ್ರೆ ತೊಳೆಯುವಾಗಲೂ ಗುನುಗಲಿಲ್ಲ. ಬಾಯಿಗೆ ಬಂದರೆ ತುಟಿ ಬಿಗಿಹಿಡಿಯುತ್ತಿದ್ದಳು. ವರ್ಷಗಳು ಕಳೆದವು, ಬರುವುದೂ ನಿಂತಿತು.

ಇತ್ತ ಆ ವೆಬ್‌ಸೈಟ್ ಸೇವೆಯನ್ನು ಇನ್ನಾರೋ ಕೊಂಡರು. ಕೊಂಡವರಿಗೆ ಅದು ಬೇಡವಾಯಿತು. "ಸೇವೆ ಮುಚ್ಚುತ್ತಿದ್ದೇವೆ, ನಿಮ್ಮ ಸರಕಿನ ವಿವರ ಇಳಿಸಿಕೊಳ್ಳಿ," ಎಂದು ಸಂದೇಶ ಬಂತು. ವ್ಯಾಪಾರಿ ಗಾಬರಿಯಾಗಲಿಲ್ಲ. ಇಳಿಸಿಕೊಂಡ, ಇನ್ನೊಂದು ಅಂಗಡಿ ಸಾಧನಕ್ಕೆ ಏರಿಸಿದ. ಸೀರೆಗಳೆಲ್ಲ ಬಂದವು, ಒಂದರ ಸೆರಗೂ ಮುದುಡಿರಲಿಲ್ಲ. "ನೋಡಿ, ಕೋಡೂ ಇಲ್ಲ, ಗೀಡೂ ಇಲ್ಲ!" ಎಂದು ಮತ್ತೆ ಊರಿಗೆಲ್ಲ ತೋರಿಸಿದ. ಹಳೆಯ ಸೇವೆ ಮುಚ್ಚಿತು.

ಬಹಳ ದಿನಗಳ ಮೇಲೆ ಯಾರೋ ಒಬ್ಬ ತಂದೆ ಬಂದು, "ಮಗಳಿಗೆ ಒಪ್ಪಿಸುವ ಹಾಡು ಬೇಕು," ಎಂದ. ವ್ಯಾಪಾರಿ ಹೊಸ ವೆಬ್‌ಸೈಟಿನಲ್ಲಿ ಹುಡುಕಿದ. ಹಾಡಿನ ಹೆಸರಿತ್ತು. ಬಿಳಿ ಎಂದಿತ್ತು. ಫ್ರೀ ಸೈಜ್ ಎಂದಿತ್ತು. ಸೊನ್ನೆ ಎಂದಿತ್ತು. ಒತ್ತಿದರೆ ದನಿ ಇರಲಿಲ್ಲ. ಇನ್ನೊಂದು ಒತ್ತಿದ, ಮತ್ತೊಂದು ಒತ್ತಿದ. ಹಳೆಯ ಸಾಧನಕ್ಕೆ ದನಿ ಎಂಬುದು ಸರಕೇ ಆಗಿರಲಿಲ್ಲ ನೋಡು. ಪುಟದ ಮೇಲೆ ಅಂಟಿಸಿದ ಅಲಂಕಾರ ಅದು. ಅದು ಸರಕನ್ನು ಪ್ರಾಮಾಣಿಕವಾಗಿ ಹಿಂದಿರುಗಿಸಿತು, ಅಲಂಕಾರವನ್ನು ತನ್ನೊಡನೆ ಒಯ್ದಿತು. ಅವನು ಬರೆದು ಕೇಳಿದ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಉಳಿದಿರಲಿಲ್ಲ.

ಅವನು ಅವಳ ಮನೆಗೆ ಓಡಿದ. ಹೊಸಿಲಲ್ಲೇ ಕುಸಿದು ಕೂತು ಎಲ್ಲ ಹೇಳಿದ.

ಅವಳು ಬೈಯಲಿಲ್ಲ. "ಹಾಗಾದರೆ ಮನೆ ಇಲ್ಲದೆ ಹೋದವು. ಕೊಟ್ಟ ಹೆಣ್ಣು ತಿರುಗಿ ಬಂದರೆ ತವರು ಬಾಗಿಲು ಹಾಕ್ತದಾ? ತಪ್ಪಾದರೂ ಆಗಲಿ, ಹಾಡ್ತೀನಿ. ಹಿಡ್ಕೊಳ್ಳಿ," ಎಂದಳು.

ಅವನು ಫೋನು ಹಿಡಿದ. ಅವಳು ಬಾಯಿ ತೆರೆದಳು. ಮೊದಲ ಸಾಲು ಬಂತು. ಎರಡನೆಯ ಸಾಲಿಗೆ ದಿನವೂ ಬೀದಿಯಲ್ಲಿ ಬಡಿಯುವ ಯಾವುದೋ ಸಿನಿಮಾ ಧಾಟಿ ಬಂತು. ನಿಲ್ಲಿಸಿದಳು, ಮತ್ತೆ ತೆಗೆದಳು. ಅದೇ ಧಾಟಿ. ಬೇರೆ ಹಾಡು ಹಿಡಿದಳು. ಅದಕ್ಕೆ ಮೊದಲ ಸಾಲೂ ಬರಲಿಲ್ಲ. ಸಂಜೆಯವರೆಗೆ ಯತ್ನಿಸಿದಳು. ಕೊನೆಗೆ ಫೋನನ್ನು ಕೈಯಿಂದ ಸರಿಸಿ, "ಹೆಸರಾದರೂ ಇದೆ ಅಂದಿರಲ್ಲ, ಓದಿ," ಎಂದಳು.

ಅವನು ಓದಿದ. "ಅರಿಸಿನದ ಹಾಡು, ಬಿಳಿ, ಫ್ರೀ ಸೈಜ್, ಸೊನ್ನೆ. ಬಳೆ ಹಾಡು, ಬಿಳಿ, ಫ್ರೀ ಸೈಜ್, ಸೊನ್ನೆ." ಸತ್ತವರ ಹೆಸರು ಕೂಗಿದಾಗ ಓಗೊಡುವವಳಂತೆ ಅವಳು ಒಂದೊಂದಕ್ಕೂ ತಲೆಯಾಡಿಸಿದಳು.

"ಎಲ್ಲಾದರೂ ನನ್ನ ಹೆಸರು ಇದೆಯಾ?"

ಅವನು ಹುಡುಕಿದ. ತಯಾರಕರು ಎಂಬ ಕಡೆ ಎಲ್ಲದರ ಮುಂದೆಯೂ ತನ್ನ ಅಂಗಡಿಯ ಹೆಸರು ಕಂಡ. ಫೋನನ್ನು ಬೋರಲು ಹಾಕಿದ. ಅವಳು ಎರಡನೆಯ ಸಲ ಕೇಳಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗುರುಗಳು ಕತೆ ನಿಲ್ಲಿಸಿದರು. ನಿಜಗುಣನಿಗೆ ತಡೆಯಲಾಗಲಿಲ್ಲ.

"ಆ ಹಾಳು ಸೇವೆಯ ಹೆಸರು ಹೇಳಿಬಿಡಿ ಗುರುಗಳೇ. ನಾನು ಅದನ್ನು ಮುಟ್ಟುವುದೇ ಇಲ್ಲ."

"ಅದರ ಹೆಸರು ಹೇಳಿದರೆ ನೀನು ಉಳಿದವನ್ನೆಲ್ಲ ನಂಬಿಬಿಡುತ್ತೀಯಲ್ಲೋ," ಎಂದರು ಗುರುಗಳು.