ತಿಪ್ಪಮ್ಮನ ಮಗ ಫೋಲ್ಡರ್ ಜೋಡಿಸಿದ್ದು

ಚಳ್ಳಕೆರೆ ಕಡೆ ಫೋಟೋ ಸ್ಟುಡಿಯೋ ಇಟ್ಟಿದ್ದ ತಿಪ್ಪಮ್ಮನಿಗೆ ಒಬ್ಬನೇ ಮಗ, ಓಬಳೇಶ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು ಕಣ್ರಪ್ಪ, ಅದೇ ಅವಳ ಕರ್ಮ. ಕ್ಯಾಮೆರಾ ಹಿಡಿದು ಮದುವೆಮನೆಗೆ ಅವಳು ಓಡಬೇಕು, ಅಂಗಡಿಯ ಕಂಪ್ಯೂಟರ್ ಮುಂದೆ ಇವನು ಕೂರಬೇಕು.

ಒಂದು ದಿನ ಗಂಗಜ್ಜಿ ಮೊಮ್ಮಗಳ ಮದುವೆ ಫೋಟೋ ಆರಿಸಲು ಬಂದಳು. ಇದು ಒಪ್ಪಿಗೆಯಾದರೆ ಚಿಕ್ಕ ಮೊಮ್ಮಗಳ ಮದುವೆ ಫೋಟೋ ಕೆಲಸವೂ ತಿಪ್ಪಮ್ಮನಿಗೇ. ಓಬಳೇಶ ಫೋಲ್ಡರ್ ತೆಗೆದ. ಚಿತ್ರ ಒಂದೂ ಕಾಣದು, ಉದ್ದಕ್ಕೂ ಬರೀ ನಂಬರು.

"ಇದೇನು ಮದುವೇನೋ, ಬಸ್ ನಂಬರೋ?" ಅಂತ ಅಜ್ಜಿ ಎದ್ದುಹೋದಳು.

"ಅಯ್ಯೋ ಪೆದ್ದೇ! ದೊಡ್ಡ ದೊಡ್ಡದಾಗಿ ಕಾಣೋ ಹಾಗೆ ಇಡಬೇಕು ಕಣೋ!" ಅಂತ ತಿಪ್ಪಮ್ಮ ಬೈದಳು.

"ಆಗ್ಲಮ್ಮ."

ಮಾರನೆಯ ದಿನ ಮೇಷ್ಟ್ರು ಬಂದರು. ಸಭೆಗೆಂದು ಬೆಳಿಗ್ಗೆ ಅಂಗಡಿಯಲ್ಲೇ ಟೈಪ್ ಮಾಡಿಸಿದ ಭಾಷಣ ಬೇಕಂತೆ. ಓಬಳೇಶ ಅದನ್ನೂ ದೊಡ್ಡದು ಮಾಡಿಟ್ಟಿದ್ದ. ಸ್ಕ್ರೀನ್ ತುಂಬ ಬಿಳೀ ಹಾಳೆಗಳ ಚಿತ್ರ, ಎಲ್ಲ ಒಂದೇ ಥರ. ಹುಡುಕುವಷ್ಟರಲ್ಲಿ ಅಲ್ಲಿ ಸಭೆಯೇ ಮುಗಿದಿತ್ತು.

"ಅಯ್ಯೋ ಪೆದ್ದೇ! ಹೊಸದು ಮೇಲೆ, ಹಳೇದು ಕೆಳಗೆ ಬರೋ ಹಾಗೆ ಇಡಬೇಕು ಕಣೋ!"

"ಆಗ್ಲಮ್ಮ."

ಗಂಗಜ್ಜಿ ಮತ್ತೆ ಬಂದಳು. ಈ ಸಲ ಚಿತ್ರಗಳು ದೊಡ್ಡದಾಗಿಯೇ ಇದ್ದವು, ಹೊಸದು ಮೇಲೆ, ಹಳೇದು ಕೆಳಗೆ. ಮೊದಲಿಗೆ ಹುಡುಗಿ ಅಳುತ್ತಾ ಗಂಡನ ಮನೆಗೆ ಹೊರಟಳು. ಕೆಳಗೆ ಬಂದರೆ ಊಟ. ಅದರ ಕೆಳಗೆ ಕೊರಳಲ್ಲಿ ತಾಳಿ. ಇನ್ನೂ ಕೆಳಗೆ ಬಂದರೆ ತಾಳಿಯೇ ಇಲ್ಲ, ಮೈತುಂಬ ಅರಿಶಿನ ಹಚ್ಚಿಸಿಕೊಂಡು ತವರಲ್ಲಿ ಕೂತಿದ್ದಾಳೆ!

"ಬಿಡ್ತು ಅನ್ನೋ! ಕಟ್ಟಿದ ತಾಳಿ ಬಿಚ್ಚಿಸಿ ತವರಿಗೆ ತಂದು ಕೂರಿಸಿದ್ಯಲ್ಲೋ! ಮೊದಲಿಗೇ ಅಳು ಬೇರೆ!" ಅಂತ ಅಜ್ಜಿ ಎದ್ದಳು.

ತಿಪ್ಪಮ್ಮ ಅಡ್ಡ ಬಂದಳು. "ನಾಳೆ ಒಂದೇ ಒಂದು ಸಲ ಬನ್ನಿ ಅಜ್ಜಿ" ಅಂತ ಕೈಹಿಡಿದು ಬೇಡಿಕೊಂಡಳು. ಅಜ್ಜಿ ಅತ್ತ ಹೋದದ್ದೇ ಮಗನ ಕಡೆ ತಿರುಗಿದಳು.

"ಅಯ್ಯೋ ಪೆದ್ದೇ! ಅರಿಶಿನ ಮೊದಲು, ಆಮೇಲೆ ತಾಳಿ ಕಣೋ! ಅಳೋ ಮುಖ ಒಂದೂ ಅಜ್ಜಿ ಕಣ್ಣಿಗೆ ಬೀಳಬಾರದು, ಮರೆಮಾಡು!"

"ಆಗ್ಲಮ್ಮ."

ಅಜ್ಜಿ ಬಂದಳು. ಅರಿಶಿನ ಕಣ್ಣಿಗೆ ಬಿದ್ದು ಹುಡುಗಿ ಅತ್ತಿದ್ದಳು, ಧಾರೆ ಎರೆಯುವಾಗ ಅಪ್ಪ ಅತ್ತಿದ್ದ, ತಾಳಿ ಕಟ್ಟುವಾಗ ಅಮ್ಮ ಅತ್ತಿದ್ದಳು, ಹೋಮದ ಹೊಗೆಗೆ ಗಂಡಿನ ಕಣ್ಣಲ್ಲೂ ನೀರು. ಅಷ್ಟನ್ನೂ ಓಬಳೇಶ ಮರೆಮಾಡಿದ್ದ. ಉಳಿದವನು ಪಾಯಸದ ಕೊಪ್ಪರಿಗೆ ಪಕ್ಕ ಹಲ್ಲು ಕಿರಿದು ನಿಂತ ಅಡುಗೆಭಟ್ಟ ಒಬ್ಬನೇ.

"ನಮ್ಮ ಹುಡುಗೀನ ಇವನಿಗೇನಮ್ಮ ಕೊಟ್ಟಿದ್ದು? ಚಿಕ್ಕವಳ ಮದುವೆಗೆ ಬೇರೆಯವರನ್ನ ನೋಡ್ಕೋತೀವಿ ಬಿಡು" ಅಂತ ಅಜ್ಜಿ ಎದ್ದಳು.

ತಿಪ್ಪಮ್ಮ ತಡೆಯಲಾರದೆ ಗೊಳೋ ಅಂತ ಅತ್ತುಬಿಟ್ಟಳು. ಓಬಳೇಶ ಅಮ್ಮನ ಮುಖವನ್ನೇ ನೋಡಿದ. ಫೋಟೋಕ್ಕೆಂದು ಗೋಡೆಗೆ ನೇತುಹಾಕಿದ್ದ ಜಲಪಾತದ ಪರದೆಯನ್ನು ಸರ್ರನೆ ಎಳೆದು ಅವಳ ತಲೆಯಿಂದ ಕಾಲಿನವರೆಗೂ ಹೊದಿಸಿದ.

"ಈಗ ಕಾಣಲ್ಲ ಅಜ್ಜಿ, ಕೂತ್ಕೊಳ್ಳಿ" ಅಂದ.