ಏನು ಕಾಯಬೇಕು?

“ಅಣ್ಣಾ, ಉಪ್ಪಿನಪೇಟೆಗೆ ದಾರಿ ಯಾವುದು?”

ಬೆಳಗಿನಿಂದ ಒಂದೇ ಆಲದಮರವನ್ನು ಸುತ್ತಿ ಸುತ್ತಿ ಹೊನ್ನೂರವ್ವನಿಗಷ್ಟೇ ಅಲ್ಲ, ಉಪ್ಪು ಹೊತ್ತ ಅವಳ ಕತ್ತೆಗೂ ಬೇಸರ ಬಂದಿತ್ತು. ಕೇಳಿದ್ದು ಡಂಗುರದವನನ್ನು. ಅವನು ಡಂಗುರ ಬಡಿದೇ ಬಾಯಿ ತೆರೆದ.

“ಕೇಳಿರಪ್ಪೋ ಕೇಳಿರಿ. ರಾಜಕುಮಾರಿಯ ಹಣೆಯ ಮೇಲೆ ಕೆಂಪು ಗಂಟು ಎದ್ದಿದೆ. ಹೊತ್ತು ಮುಳುಗಿದರೆ ಅದಕ್ಕೆ ಬರೆ. ಅಷ್ಟರೊಳಗೆ ಮಹಾರಾಣಿಯವರ ಮೂರು ಒಗಟು ಬಿಡಿಸಿದವರ ಮಾತು ನಡೆಯುತ್ತದೆ, ಕೇಳಿದ್ದು ಸಿಗುತ್ತದೆ. ತಪ್ಪಿದವರ ಮುಂಗೈಗೂ ಅದೇ ಬರೆ.”

ಆಮೇಲೆ ದನಿ ಇಳಿಸಿ, ಪೇಟೆಗೆ ಅರಮನೆಯ ಅಂಗಳ ದಾಟಿಯೇ ಹೋಗಬೇಕೆಂದ.

ಅಂಗಳದಲ್ಲಿ ಸೋತ ವೈದ್ಯರು ಸಾಲಾಗಿ ಕೂತಿದ್ದರು. ನೆರಳಿದ್ದದ್ದು ಸಾಲಿನ ಕೊನೆಯಲ್ಲಿದ್ದ ನರಹರಿ ಪಂಡಿತರ ಪಕ್ಕದಲ್ಲಿ ಮಾತ್ರ. ಹೊನ್ನೂರವ್ವ ಅಲ್ಲೇ ಕುಸಿದಳು. ಅವಳು ಕೇಳುವ ಮೊದಲೇ ಅವರು ತಂಬಿಗೆ ಚಾಚಿದರು. “ಕುಡಿ ತಾಯಿ, ನನಗೆ ಇವತ್ತು ನೀರು ಇಳಿಯುವುದಿಲ್ಲ.”

ನೀರು ಕುಡಿದು ಎದ್ದು ಹೋಗಿಬಿಡಬಹುದಿತ್ತು. ಆದರೆ ಈಗಷ್ಟೇ ಹೆಜ್ಜೆ ಕಲಿತ ಕೂಸು, ಆ ರಾಜಕುಮಾರಿಯೇ, ಕತ್ತೆಯ ಬಾಲ ಹಿಡಿಯಲು ಬಂತು. ಆ ಹಣೆ ನೋಡಿದಳು, ಕೆಂಡದಲ್ಲಿದ್ದ ಕಬ್ಬಿಣ ನೋಡಿದಳು. ಊರೂರು ತಿರುಗುವಾಗ ಇಂಥ ಗಂಟಿನ ಹಣೆಗಳನ್ನೂ ಬರೆ ಬಿದ್ದ ಹಣೆಗಳನ್ನೂ ಕಂಡವಳು; ಯಾವುದು ಮಾಸುತ್ತದೆ, ಯಾವುದು ಮಾಸುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಒಗಟು ಬಿಡಿಸುತ್ತೇನೆಂದು ಎದ್ದು ನಿಂತಳು.

ನಿದ್ದೆಗೆಟ್ಟ ಕಣ್ಣಿನ ರಾಣಿ ಮೊದಲನೆಯದನ್ನು ಕೇಳಿದಳು. “ಬಿತ್ತಿದವರಿಲ್ಲ, ನೀರೆರೆದವರಿಲ್ಲ. ಹಣ್ಣು ಮಾತ್ರ ಕೆಂಪಗೆ ಬಂತು. ಅದರ ಬೇರು ಎಲ್ಲಿದೆ?”

ಇದಕ್ಕೆ ಒಬ್ಬ ವೈದ್ಯ ಗ್ರಹಣವೆಂದಿದ್ದ, ಇನ್ನೊಬ್ಬ ಬಸುರಿಯ ತೀರದ ಬಯಕೆಯೆಂದಿದ್ದ. ಹೊನ್ನೂರವ್ವ ಗಂಟನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಳು. ಬಿಳಿಚಿತು; ಬಿಟ್ಟಾಗ ಮತ್ತೆ ಕೆಂಪಾಯಿತು. “ನೆತ್ತರಿನ ನಾಳದಲ್ಲಿ ತಾಯಿ. ಎಳೆಗಳು ಹೆಚ್ಚಾಗಿ ಹೆಣೆದುಕೊಂಡಿವೆ, ಅಷ್ಟೆ. ಯಾರ ಪಾಪವೂ ಅಲ್ಲ.”

“ಎರಡನೆಯದು. ಈ ಹಣ್ಣು ತಾನೇ ಬಾಡಬೇಕಾದರೆ, ಕಾಯಬೇಕಾದ್ದು ಯಾವುದು?”

ನರಹರಿ ಪಂಡಿತರು ಎಡವಿದ್ದು ಇಲ್ಲೇ. ಕಬ್ಬಿಣ ಕಾಯಬೇಕು ಎಂದಿದ್ದರು. ಅವರ ಹಿಂದಿನವರು ಎಣ್ಣೆ ಕಾಯಬೇಕು ಎಂದಿದ್ದರು.

“ತಾಯಿಜೀವ ಕಾಯಬೇಕು,” ಎಂದಳು ಹೊನ್ನೂರವ್ವ. “ನೋಡಿ, ನಡುವೆ ಆಗಲೇ ಬೂದಿ ಬಣ್ಣಕ್ಕೆ ತಿರುಗಿದೆ. ಕೆಲವು ವರ್ಷಗಳಲ್ಲಿ ಇಳಿಯುತ್ತದೆ. ಚರ್ಮ ಕೊಂಚ ಸಡಿಲಾಗಿ ಉಳಿದೀತು.”

ರಾಣಿ ಮೂರನೆಯದನ್ನು ಕೇಳಿದಳು. “ಕಾಯಬಾರದ್ದು ಯಾವಾಗ?”

“ಕಣ್ಣು ಮುಚ್ಚುವಂತೆ ಬೆಳೆದರೆ, ಉಸಿರಿಗೆ ಅಡ್ಡವಾದರೆ, ಹುಣ್ಣಾದರೆ. ಆಗ ಬಲ್ಲ ವೈದ್ಯರ ಮದ್ದು ತಡಮಾಡದೆ ಬೇಕು. ರಕ್ತ ಜಿನುಗಿದರೆ ಶುದ್ಧ ಬಟ್ಟೆ ಒತ್ತಿ ಹಿಡಿಯಬೇಕು. ಬರೆ ಮಾತ್ರ ಯಾವಾಗಲೂ ಬೇಡ.”

ರಾಣಿ ಕೂಸನ್ನು ಅವಚಿಕೊಂಡಳು. “ಮೂರೂ ಸರಿ. ತವರಿನ ಸೂಲಗಿತ್ತಿ ನನಗೆ ಇದನ್ನೇ ಹೇಳಿದ್ದಳು. ನಾನು ಹೇಳಿದರೆ ತಾಯಿಕರುಳು ಅಂತ ಅರಮನೆಯವರೆಲ್ಲ ನಕ್ಕರು. ಬೇರೆಯವರ ಬಾಯಲ್ಲಿ ಬರಬೇಕಿತ್ತು.”

ಪಕ್ಕದಲ್ಲಿ ಕೂತಿದ್ದ ರಾಜ ತಲೆ ತಗ್ಗಿಸಿದ. ಏನು ಬೇಕೋ ಕೇಳು ಎಂದ. ಹೊನ್ನೂರವ್ವನ ಕಾಲುಗಳು ಒಂದು ಗಾಡಿಯನ್ನೇ ಕೇಳುತ್ತಿದ್ದವು.

“ಆ ಪಂಡಿತರ ಕೈಗೆ ಬರೆ ಹಾಕದೆ ಬಿಟ್ಟುಬಿಡಿ ಬುದ್ಧಿ. ಅವರ ನೀರು ಕುಡಿದಿದ್ದೇನೆ.”

“ಉಳಿದವರು?”

“ಅವರ ಹಂಗು ನನಗಿಲ್ಲ. ಆದರೆ ಒಬ್ಬರನ್ನು ಬಿಟ್ಟ ಮೇಲೆ ಆ ಕೆಂಡಕ್ಕೆ ಯಾರು ಗಾಳಿ ಹಾಕುತ್ತಾ ಕೂರುತ್ತಾರೆ?”

ರಾಜನೇ ಎದ್ದು ಕಬ್ಬಿಣವನ್ನು ಕೊಪ್ಪರಿಗೆಯ ನೀರಿಗೆ ಅದ್ದಿದ. ಅದು ಚುಂಯ್ ಎಂದು ಸುಮ್ಮನಾಯಿತು. ಪಂಡಿತರು ತಮ್ಮ ಮುಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಹೊನ್ನೂರವ್ವ ಕತ್ತೆಯ ಹಗ್ಗ ಹಿಡಿದು, “ನೀರಿನ ಋಣ ತೀರಿತು ಸ್ವಾಮಿ,” ಎಂದಳು.